ದಸ್ತಗೀರ ಮಾಮಾ ಅವರ ಹುತುತು

ಆಗ ನಮ್ಮ ಕಡೆ ಹತ್ತಿ ತುಂಬಿದ ಗಾದಿ ಎಂದರೆ ಅಂಗಡಿಯಿಂದ ಕೊಂಡು ತರುವ ವಸ್ತುವಾಗಿರಲಿಲ್ಲ. ಅದು ಮನೆಯಲ್ಲಿಯೇ ಹುಟ್ಟಿ, ಮನೆಯಲ್ಲಿಯೇ ಹಳತಾಗಿ, ಕೆಲವು ವರ್ಷಗಳಿಗೊಮ್ಮೆ ಬಿಚ್ಚಿಸಿಕೊಂಡು, ಹಿಂಜಿಸಿಕೊಂಡು ಮತ್ತೆ ಹೊಸದಾಗುತ್ತಿತ್ತು. ದೀಪಾವಳಿ ಮುಗಿದು ಕಬ್ಬಿನ ಕಟಾವು ಆರಂಭವಾದ ಮೇಲೆ, ಬಿಸಿಲು ಏರುವ ಮುನ್ನ, ನಮ್ಮೂರು ಅಂಕಲಿಯ ಯಾವುದಾದರೊಂದು ಓಣಿಯಿಂದ ‘ಟುಂಯ್, ಟುಂಯ್’ ಎಂಬ ಸದ್ದು ಕೇಳಿಸಿದರೆ ಸಾಕು, ಈ ವರ್ಷ ಯಾರ ಮನೆಯಲ್ಲಿ ಮದುವೆ ಇದೆ ಎಂಬುದನ್ನು ಹೆಂಗಸರು ಕುಳಿತಲ್ಲಿಂದಲೇ ಹೇಳುತ್ತಿದ್ದರು. ಆ ಸದ್ದನ್ನು ಕೇಳಿ ಬೆಳೆದವರು ಇದನ್ನು ಓದುತ್ತಿದ್ದರೆ, ಹಳೆಯ ಹತ್ತಿಯಿಂದ ಏಳುತ್ತಿದ್ದ ಆ ಒಣ, ತುಸು ಮುಗ್ಗಲು ವಾಸನೆಯೂ ಅವರಿಗೆ ನೆನಪಿರಬಹುದು.

ನಮ್ಮೂರಿನಲ್ಲಿ ಆ ಸದ್ದನ್ನು ಹೊರಡಿಸುತ್ತಿದ್ದವರು ದಸ್ತಗೀರ ಮಾಮಾ. ಅವರು ಹತ್ತಿ ಹಿಂಜುವ ಪಿಂಜಾರರು. ಹೆಗಲಿನ ಮೇಲೆ ಉದ್ದನೆಯ ಬಿಲ್ಲು, ಕೈಯಲ್ಲಿ ಅದರ ತಂತಿಯನ್ನು ಮೀಟುವ ಕಟ್ಟಿಗೆಯ ಗುಂಡು, ಹುಬ್ಬು ಮೀಸೆಗಳ ಮೇಲೆಲ್ಲ ಹತ್ತಿಯ ನವಿರು. ಸುಡುವ ಬಿಸಿಲಿನಲ್ಲಿಯೂ ಅವರು ಮಂಜಿನೊಳಗಿನಿಂದ ನಡೆದು ಬಂದವರಂತೆ ಕಾಣುತ್ತಿದ್ದರು. ಅವರ ಮಗಳು ರುಬೀನಾ ಮತ್ತು ನಾನು ಎಂಟನೆಯ ತರಗತಿಯಲ್ಲಿ ಒಂದೇ ಬೆಂಚಿನವರು. ನಾನು ಬರೆಯಲು ಹೊರಟಿರುವುದು ಆ ಎಂಟನೆಯ ತರಗತಿಯ ಚಳಿಗಾಲದ ಕುರಿತು. ಆ ಚಳಿಗಾಲದಲ್ಲಿ ನಾವು ಹುಡುಗಿಯರು ಸೇರಿ ದಸ್ತಗೀರ ಮಾಮಾ ಅವರಿಗೆ ಒಂದು ಶಬ್ದವನ್ನು ಕಲಿಸಲು ಪ್ರಯತ್ನಿಸಿದೆವು.

ಅದಕ್ಕೂ ಮೊದಲು ಅವರ ಆಟದ ಬದುಕಿನ ಬಗ್ಗೆ ಹೇಳಬೇಕು. ನಾನು ಕಣ್ಣಾರೆ ಕಂಡದ್ದು ಕಡಿಮೆ. ಹೆಚ್ಚಿನದನ್ನು ಅಪ್ಪ ಮತ್ತು ಓಣಿಯ ಹಿರಿಯರ ಬಾಯಿಂದ ಕೇಳಿದ್ದೇನೆ. ಮೀಸೆ ಮೂಡುವ ವಯಸ್ಸಿನಲ್ಲಿಯೇ ದಸ್ತಗೀರ ಮಾಮಾ ತಮ್ಮ ತಂದೆಯ ಬಿಲ್ಲನ್ನು ಹೊತ್ತು ಊರೂರು ತಿರುಗಲು ಹೊರಟರು. ಹಗಲೆಲ್ಲ ಯಾರದೋ ಕಟ್ಟೆಯ ಮೇಲೆ ಕುಳಿತು ಹತ್ತಿ ಹಿಂಜುವುದು, ಸಂಜೆ ಕೈಕಾಲು ತೊಳೆದುಕೊಂಡು ಆ ಊರಿನ ಹುಡುಗರೊಂದಿಗೆ ಅಂಕಣಕ್ಕೆ ಇಳಿಯುವುದು. ಇಂದು ಎಲ್ಲರೂ ಕಬಡ್ಡಿ ಎನ್ನುವ ಆಟಕ್ಕೆ ಮರಾಠಿ ಸೀಮೆಯ ಗಡಿಯ ಆಚೆ ಈಚೆ ಎರಡೂ ಕಡೆ ಆಗ ಹುತುತು ಎಂದೇ ಹೆಸರು. ಎದುರಾಳಿಯ ಅಂಕಣಕ್ಕೆ ನುಗ್ಗುವವನು ಒಂದೇ ಉಸಿರಿನಲ್ಲಿ ‘ಹುತುತುತುತು’ ಎನ್ನುತ್ತ ಹೋಗಿ, ಯಾರನ್ನಾದರೂ ಮುಟ್ಟಿ, ಉಸಿರು ಮುಗಿಯುವುದರೊಳಗೆ ನಡುಗೆರೆಗೆ ಮರಳಬೇಕು. ಮಾಮಾ ಅವರ ಉಸಿರು ಮುಗಿಯುತ್ತಿರಲಿಲ್ಲವಂತೆ. ಹಿಡಿದವರೇ ದಣಿದು ಬಿಡುತ್ತಿದ್ದರಂತೆ.

ಪಂದ್ಯವಿರುವ ಊರಿನವರು ಗಾದಿಯ ಕೆಲಸವನ್ನು ಪಂದ್ಯದ ವಾರಕ್ಕೇ ಇಟ್ಟುಕೊಳ್ಳುತ್ತಿದ್ದರು. ಪಿಂಜಾರನು ಊರಿನಲ್ಲಿದ್ದರೆ ಅವನು ಆ ಊರಿನವನೇ ಎಂಬುದು ಯಾರೂ ಬರೆದಿಡದ ಕಟ್ಟಳೆ. ಈ ವಾರ ಕಾಗವಾಡದ ಕಡೆಯಿಂದ ಆಡಿ ರಾಯಬಾಗದವರನ್ನು ಸೋಲಿಸಿದ ಮಾಮಾ, ಮುಂದಿನ ವಾರ ರಾಯಬಾಗದ ಓಣಿಯಲ್ಲಿ ಗಾದಿ ಹಿಂಜುತ್ತಿದ್ದರೆ, ಸಂಜೆ ರಾಯಬಾಗದವರ ಕಡೆಯಿಂದ ಕಾಗವಾಡದವರ ಎದುರು ನಿಲ್ಲುತ್ತಿದ್ದರು. ಇದರಲ್ಲಿ ದ್ರೋಹವಿದೆ ಎಂದು ಯಾರಿಗೂ ಅನ್ನಿಸಲಿಲ್ಲ. “ಯಾವ ಊರ ಗಾದಿ, ಆ ಊರ ಪಾರ್ಟಿ” ಎಂದು ಮಾಮಾ ನಗುತ್ತಿದ್ದರು. ನಿಪ್ಪಾಣಿಯ ಕಡೆಯವರು ಗೆದ್ದವನಿಗೆ ಫೇಟಾ ಸುತ್ತುತ್ತಿದ್ದರು. ಅಥಣಿಯವರು ಒಣದ್ರಾಕ್ಷಿ ಕಟ್ಟಿಕೊಡುತ್ತಿದ್ದರು. ಉಳಿದ ಊರುಗಳಲ್ಲಿ ಹಿತ್ತಾಳೆಯ ಕೊಡ. ಅವರ ಮನೆಯಲ್ಲಿ ನೀರು ತರುವ ಕೈಗಳಿಗಿಂತ ಕೊಡಗಳೇ ಹೆಚ್ಚು. ರುಬೀನಾಳ ಅಮ್ಮೀ ಒಂದರಲ್ಲಿ ಜೋಳ, ಇನ್ನೊಂದರಲ್ಲಿ ತೊಗರಿ ತುಂಬಿಡುತ್ತಿದ್ದರು.

ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಮಾಮಾ ಆಡುವುದನ್ನು ಬಿಟ್ಟಿದ್ದರು. ಇಷ್ಟು ವರ್ಷ ಒಳಗೆ ಹೋದ ಹತ್ತಿಯ ಧೂಳು ಎದೆಯಲ್ಲಿ ಮನೆ ಮಾಡಿತ್ತು. ಮಾತಿನ ನಡುವೆ ಅವರು ತಟ್ಟನೆ ನಿಲ್ಲಿಸಿ, ಏನನ್ನೋ ನೆನಪಿಸಿಕೊಳ್ಳುವವರಂತೆ ದೂರ ನೋಡುತ್ತಿದ್ದರು. ಅದು ಉಸಿರು ಹಿಂದಿರುಗಲು ಕಾಯುವ ಹೊತ್ತು ಎಂಬುದು ನಮಗೆ ನಿಧಾನವಾಗಿ ತಿಳಿಯಿತು. ಆಗಲೇ ನಮ್ಮ ಶಾಲೆಯ ಹೆಡ್ ಮಾಸ್ತರರು ಹುಡುಗಿಯರ ತಂಡವೊಂದನ್ನು ಕಟ್ಟಬೇಕೆಂದು ಅವರನ್ನು ಕೇಳಿಕೊಂಡದ್ದು. ಸಂಬಳವಿರಲಿಲ್ಲ. ಮಾಮಾ ಒಪ್ಪಿಕೊಂಡರು.

ಶಾಲೆಯ ಹಿಂದಿನ ಬಯಲಿನಲ್ಲಿ ಅಂಕಣ. ಕೃಷ್ಣಾ ನದಿಯ ದಂಡೆಯಿಂದ ಚಕ್ಕಡಿಯಲ್ಲಿ ತಂದ ಮಣ್ಣನ್ನು ನಾವೇ ಸಾಣಿಸಿ ಹರಡಿದ್ದೆವು. ಬೆಲ್ಲದ ಗಾಣದ ಒಲೆಯಿಂದ ತಂದ ಬೂದಿಯಿಂದ ಗೆರೆ ಎಳೆಯುತ್ತಿದ್ದೆವು. ಸಂಜೆಯ ಹೊತ್ತಿಗೆ ಗಾಣದ ಕಡೆಯಿಂದ ಕುದಿಯುವ ಕಬ್ಬಿನ ಹಾಲಿನ ವಾಸನೆ ಬೀಸಿ ಬರುತ್ತಿತ್ತು. ಮೊಣಕಾಲು ತರಚಿದ ಉರಿಗೂ ಆ ವಾಸನೆಗೂ ನನ್ನ ನೆನಪಿನಲ್ಲಿ ಇಂದಿಗೂ ಗಂಟು ಬಿದ್ದಿದೆ. ಆಟ ಮುಗಿದ ಮೇಲೆ ಮಾಮಾ ಪ್ರತಿಯೊಬ್ಬಳ ಅಂಗೈಗೂ ಹುರಿದ ಪುಟಾಣಿ ಕಡಲೆ ಮತ್ತು ಬೆಲ್ಲ ಹಾಕುತ್ತಿದ್ದರು. ಆ ಬೆಲ್ಲಕ್ಕೆ ಯಾವಾಗಲೂ ಒಂದೆರಡು ಎಳೆ ಹತ್ತಿ ಅಂಟಿರುತ್ತಿತ್ತು. ನಾವು ಅದನ್ನು ಉಗುಳುತ್ತ ತಿನ್ನುತ್ತಿದ್ದೆವು.

ನನ್ನ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ಮೊದಲಿಗೆ ಇದಕ್ಕೆ ಒಪ್ಪಿರಲಿಲ್ಲ. ಬೆಳೆದ ಹುಡುಗಿ ಮಣ್ಣಿನಲ್ಲಿ ಹೊರಳಾಡುವುದೇ ಎಂಬುದು ಅವಳ ಆಕ್ಷೇಪಣೆ. ಮಾಮಾ ಅವಳೊಂದಿಗೆ ವಾದಿಸಲಿಲ್ಲ. ಮರುದಿನ ಒಂದು ಮುದ್ದೆ ಹಿಂಜಿದ ಹತ್ತಿಯನ್ನು ತಂದು ಅವಳ ಮುಂದಿಟ್ಟರು.

“ಆಯಿ, ದೇವರಿಗೆ ಬತ್ತಿ ಮಾಡ್ತೀರಲ್ರಿ, ಅದನ್ನ ಅಲ್ಲೇ ಅಂಗಳದ ಕಟ್ಟೀ ಮ್ಯಾಲ ಕುಂತ ಮಾಡ್ರಿ. ಹುಡುಗ್ಯಾರ ಮ್ಯಾಲ ಒಂದ ಕಣ್ಣ ಇಡ್ರಿ, ನನ್ನ ಮ್ಯಾಲ ಒಂದ ಕಣ್ಣ ಇಡ್ರಿ.”

“ಇರೂದ ಒಂದ ಕಣ್ಣ ಐತೋ ದಸ್ತಗೀರಾ. ಇನ್ನೊಂದಕ್ಕ ಪರದಾ ಬಂದೈತಿ,” ಎಂದಳು ಆಯಿ. ಆದರೂ ಬಂದಳು. ಅಂದಿನಿಂದ ನಾವು ಆಡುವಾಗ ಅವಳು ಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ಬತ್ತಿ ಹೊಸೆಯುತ್ತ, ಆಟದ ನಿಯಮ ತಿಳಿಯದೆಯೇ ನಮ್ಮೆಲ್ಲರನ್ನೂ ಬೈಯುತ್ತಿದ್ದಳು.

ಮಾಮಾ ಕಲಿಸಿದ್ದರಲ್ಲಿ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದು ಕೈಯ ಸನ್ನೆ. ಎದುರಾಳಿ ಒಳಗೆ ಬಂದಾಗ ನಾವು ಪಕ್ಕದವರ ಕೈ ಹಿಡಿದು ಸರಪಳಿಯಾಗಿ ನಿಲ್ಲುತ್ತೇವೆ. ಬಾಯಿ ಬಿಟ್ಟು ಹೇಳಿದರೆ ಎದುರಾಳಿಗೆ ತಿಳಿಯುತ್ತದೆ. ಆದ್ದರಿಂದ ಧುಮುಕಲು ನಿಶ್ಚಯಿಸಿದವಳು ಪಕ್ಕದವಳ ಅಂಗೈಯನ್ನು ಒಮ್ಮೆ ಹಿಚುಕಬೇಕು. ಹಿಚುಕಿದರೆ ‘ನಾ ಹೊಂಟೆ, ಬೆನ್ನ ಹಿಂದ ಬಾ’ ಎಂದು ಅರ್ಥ. ಎಡಗಡೆಯ ಮೂಲೆಯಲ್ಲಿ ರುಬೀನಾ, ಅವಳ ಪಕ್ಕಕ್ಕೆ ನಾನು. ಅವಳು ಕಾಲು ಹಿಡಿಯುವವಳು. ನಮ್ಮ ತಂಡದಲ್ಲಿ ಅವಳಷ್ಟು ಚೆನ್ನಾಗಿ ಆಡುವವರು ಮತ್ತೊಬ್ಬರಿರಲಿಲ್ಲ. ನಾನು ಸಾಧಾರಣ ಆಟಗಾರ್ತಿ. ಅವಳು ನನ್ನ ಕೈ ಹಿಚುಕಿದ ಕೂಡಲೇ ಹಿಂದೆ ಹಾರುವುದಷ್ಟೇ ನನ್ನ ಕೆಲಸ, ಅದನ್ನು ನಾನು ತಪ್ಪದೆ ಮಾಡುತ್ತಿದ್ದೆ.

ಎರಡನೆಯದು ಅವರು ದಿನವೂ ಹೇಳುತ್ತಿದ್ದ ಮಾತು. “ಕಾಲ ಹಿಡದ್ರ ಬಿಡಬ್ಯಾಡ್ರಿ. ಒದ್ದರೂ ಬಿಡಬ್ಯಾಡ್ರಿ. ಎದುರಿಗೆ ನಿಮ್ಮಪ್ಪ ಬಂದ್ರೂ ಬಿಡಬ್ಯಾಡ್ರಿ.” ಇದನ್ನು ಹೇಳುವಾಗ ಅವರು ರುಬೀನಾಳ ಕಡೆ ನೋಡುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ಮನೆಯಲ್ಲಿ ಅವರಿಬ್ಬರೂ ಆಡುತ್ತಿದ್ದುದು ತಮ್ಮ ಮನೆಮಾತು. ಅಂಗಳಕ್ಕೆ ಬಂದರೆ ಮಗಳೊಂದಿಗೂ ಕನ್ನಡವೇ. ಅಲ್ಲಿ ಅವಳಿಗೆ ವಿಶೇಷ ರಿಯಾಯಿತಿ ಇರಲಿಲ್ಲ.

ಆ ವರ್ಷ ಚಳಿ ಬೀಳುವ ಹೊತ್ತಿಗೆ ಚಿಕ್ಕೋಡಿಯ ಡಾಕ್ಟರರು ಹತ್ತಿಯ ಕೆಲಸವನ್ನು ಬಿಡಲೇಬೇಕೆಂದು ಮಾಮಾ ಅವರಿಗೆ ಹೇಳಿದರು. ಅದೇ ದಿನಗಳಲ್ಲಿ ಶಾಲೆಯ ಕಮಿಟಿಯವರು, ತರಬೇತುದಾರರ ಪರೀಕ್ಷೆಯಲ್ಲಿ ಪಾಸಾದರೆ ಅವರನ್ನು ಸಂಬಳದ ಮೇಲೆ ನೇಮಿಸಿಕೊಳ್ಳುವುದಾಗಿ ತಿಳಿಸಿದರು. ಸರ್ಟಿಫಿಕೇಟು ಇಲ್ಲದವರು ತಂಡವನ್ನು ಕರೆದೊಯ್ಯುವಂತಿಲ್ಲ ಎಂಬ ಹೊಸ ನಿಯಮ ಬಂದಿತ್ತು. ಸಂಕ್ರಾಂತಿಯ ನಂತರ ಚಿಕ್ಕೋಡಿಯಲ್ಲಿ ಪರೀಕ್ಷೆ. ಮೊದಲು ಬಾಯಿಮಾತಿನ ಪ್ರಶ್ನೆಗಳು, ಆಮೇಲೆ ಅಂಕಣದಲ್ಲಿ ಸ್ವತಃ ಒಂದು ದಾಳಿಯನ್ನು ಮಾಡಿ ತೋರಿಸಬೇಕು. ಹಿಡಿಯಲು ತಮ್ಮ ತಂಡವನ್ನು ತಾವೇ ಕರೆತರಬೇಕು.

ಉಳಿದ ಅರ್ಧ ಸಂಗತಿಯನ್ನು ನನಗೆ ಹೇಳಿದವಳು ರುಬೀನಾ. ಬೋರಿಂಗಿನ ಹತ್ತಿರ ಕೊಡ ತುಂಬುವುದನ್ನು ಕಾಯುತ್ತ ನಿಂತಿದ್ದೆವು.

“ಅಬ್ಬಾ ಪಾಸಾದ್ರ ನಾನೂ ಒಂಬತ್ತನೇ ಕ್ಲಾಸಿಗೆ ಬರ್ತೀನಿ,” ಎಂದಳು.

“ಆಗಲಿಲ್ಲಂದ್ರ?”

“ಸೂಜಿ.”

ಅವಳ ಅಮ್ಮೀ ಮನೆಯಲ್ಲಿ ಕುಳಿತು ಗಾದಿ ಹೊಲಿಯುತ್ತಿದ್ದರು. ಬಿಲ್ಲು ನಿಂತರೆ ಹಿಂಜುವ ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಹೊಲಿಗೆಯನ್ನು ಇಮ್ಮಡಿ ಮಾಡಬೇಕಾಗುತ್ತಿತ್ತು. ಅದಕ್ಕೆ ಇನ್ನೆರಡು ಕೈಗಳು ಬೇಕು. ತಮ್ಮಂದಿರು ಚಿಕ್ಕವರು. ಇದನ್ನು ಹೇಳುವಾಗ ಅವಳು ಅಳಲಿಲ್ಲ. ಕೊಡ ತುಂಬಿತು, ಎತ್ತಿಕೊಂಡು ಹೋದಳು.

ಬಾಯಿಮಾತಿನ ಪ್ರಶ್ನೆಗಳ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಹೆಡ್ ಮಾಸ್ತರರು ಕೊಟ್ಟ ನಿಯಮಗಳ ಪುಸ್ತಕವನ್ನು ನಾನು ಓದುತ್ತಿದ್ದೆ, ಮಾಮಾ ಹತ್ತಿ ಹಿಂಜುತ್ತ ಕೇಳಿ ನೆನಪಿಟ್ಟುಕೊಳ್ಳುತ್ತಿದ್ದರು. ಹೀಗೆ ಓದುವಾಗಲೇ ಒಂದು ದಿನ ಆ ನಿಯಮ ಎದುರಾಯಿತು. ದಾಳಿ ಮಾಡುವವರು ‘ಕಬಡ್ಡಿ’ ಎಂಬ ಶಬ್ದವನ್ನೇ ಸ್ಪಷ್ಟವಾಗಿ, ಎಡೆಬಿಡದೆ ಉಚ್ಚರಿಸುತ್ತಿರಬೇಕು. ಬೇರೆ ಯಾವ ಶಬ್ದವೂ ಸಲ್ಲದು. ನಮಗೆ ಹುಡುಗಿಯರಿಗೆ ಇದು ಹೊಸದಲ್ಲ, ಶಾಲೆಯ ಪಂದ್ಯಗಳಲ್ಲಿ ನಾವು ಕಬಡ್ಡಿ ಎಂದೇ ಆಡುತ್ತಿದ್ದೆವು. ಮಾಮಾ ನಮಗೆ ಕಲಿಸಿದ್ದೂ ಹಾಗೆಯೇ. ಆದರೆ ಅವರು ಸ್ವತಃ ಎಂದೂ ಆ ಶಬ್ದದಿಂದ ದಾಳಿ ಮಾಡಿದವರಲ್ಲ. ಅವರು ಬಿಲ್ಲನ್ನು ಕೆಳಗಿಟ್ಟು, ಅದನ್ನು ಇನ್ನೊಮ್ಮೆ ಓದಲು ಹೇಳಿದರು. ಓದಿದೆ.

ಮರುದಿನ ಅಂಗಳದಲ್ಲಿ ಪ್ರಯತ್ನಿಸಿದರು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಉಸಿರು ಕಟ್ಟಿತು. ಮಂಡಿಯ ಮೇಲೆ ಕೈಯೂರಿ ಬಹಳ ಹೊತ್ತು ನಿಂತರು. ಆಮೇಲೆ ನಮ್ಮನ್ನು ಹತ್ತಿರ ಕರೆದು ಕಾರಣ ವಿವರಿಸಿದರು.

“ಹುತುತು ಅಂದ್ರ ತುಟಿ ತೆಗದ ಇರತಾವ, ಉಸಿರು ತಾನ ಹರಕೋತ ಹೋಗತೈತಿ, ಸಣ್ಣ ಕಾಲಿವಿ ನೀರ ಹೋದಂಗ. ಕಬಡ್ಡಿ ಅನ್ನಬೇಕಂದ್ರ ನಡಕ ತುಟಿ ಮುಚ್ಚಬೇಕು. ಮುಚ್ಚಿದಾಗೊಮ್ಮೆ ಎದ್ಯಾಗ ಬಾಗಲಾ ಹಾಕಿದಂಗ ಆಗತೈತಿ. ತೆಗಿಯೂದರಾಗ ದಮ್ ಹೋಗಿರತೈತಿ.”

ನಾವು ನಮ್ಮ ನಮ್ಮ ಬಾಯಿಗಳಲ್ಲಿ ಆಡಿಸಿ ನೋಡಿದೆವು. ನಿಜವಾಗಿತ್ತು. ನಮಗೆ ಎಳೆಯ ಎದೆ ಇತ್ತು, ಆದ್ದರಿಂದ ವ್ಯತ್ಯಾಸ ಗೊತ್ತಾಗಿರಲಿಲ್ಲ.

ಹೀಗೆ ನಮ್ಮ ಪಾಠ ಆರಂಭವಾಯಿತು. ರುಬೀನಾಳದೇ ಉಪಾಯ. ಕೆಲಸ ಮಾಡುವಾಗ ಬಿಲ್ಲಿನ ಒಂದೊಂದು ಮೀಟಿಗೂ ಒಂದೊಂದು ಕಬಡ್ಡಿ ಅನ್ನಬೇಕು, ಆಗ ನಾಲಿಗೆಗೆ ರೂಢಿಯಾಗುತ್ತದೆ ಎಂದಳು. ಶಾಲೆ ಬಿಟ್ಟ ಮೇಲೆ ಮಾಮಾ ಯಾವ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರೂ ನಾವು ಅಲ್ಲಿಗೆ ಹೋಗುತ್ತಿದ್ದೆವು. ‘ಟುಂಯ್’ ಎಂದ ಕೂಡಲೇ ನಾವೆಲ್ಲ ಒಟ್ಟಾಗಿ ಕಬಡ್ಡಿ ಎನ್ನುವುದು, ಮಾಮಾ ನಮ್ಮ ಹಿಂದಿನಿಂದ ಎನ್ನುವುದು. ಹತ್ತಿ ಮೇಲೆ ಹಾರುತ್ತಿತ್ತು. ಅವರು ಒಂದೆರಡು ಸಲ ಸರಿಯಾಗಿ ಹೇಳುತ್ತಿದ್ದರು. ಬಿಲ್ಲು ವೇಗ ಪಡೆದಂತೆ ಅವರ ಬಾಯಿ ತಾನಾಗಿಯೇ ‘ತುತುತು’ ಎಂಬಲ್ಲಿಗೆ ಹೊರಳುತ್ತಿತ್ತು. ನಾವು ಕೈಯೆತ್ತಿ ನಿಲ್ಲಿಸುತ್ತಿದ್ದೆವು. ಮತ್ತೆ ಮೊದಲಿನಿಂದ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರು ಹೊಡೆಯುವ ಸಿದ್ರಾಮಣ್ಣ ಗಾಡಿ ನಿಲ್ಲಿಸಿಯೇ ಕೇಳಿದ:

“ಏನೋ ದಸ್ತಗೀರಾ, ಹುಡುಗ್ಯಾರ ನಿನಗ ಅ ಆ ಇ ಈ ಬಾರಾಖಡಿ ಕಲಸಾಕತ್ತಾರೇನ?”

“ಹೌದೋ ಯಣ್ಣಾ. ಇಷ್ಟ ದಿನಾ ಮೂಕ ಇದ್ನಿ, ಈಗ ಮಾತ ಬರಾಕತ್ತಾವ.”

“ಬರೂದರಾಗ ಹಲ್ಲ ಬೀಳತಾವ ನೋಡ್.”

“ಬಿದ್ರ ಚಲೋ ಆತು. ತುಟಿ ಮುಚ್ಚೂ ತ್ರಾಸ ತಪ್ಪತೈತಿ.”

ಎಲ್ಲರೂ ನಕ್ಕರು. ನಮ್ಮೊಂದಿಗೆ ಬಂದಿದ್ದ ಆಯಿಯೂ ನಕ್ಕಳು. ಸಿದ್ರಾಮಣ್ಣ ನಮಗೆಲ್ಲ ಒಂದೊಂದು ಕಬ್ಬಿನ ಗಣಿಕೆ ಎಸೆದು ಹೋದ. ಆ ಸಂಜೆಗಳಲ್ಲಿ ಏನೋ ಕೆಟ್ಟದ್ದು ಆಗಲಿದೆ ಎಂಬ ಭಾವನೆ ನನಗೆ ಇರಲಿಲ್ಲ ಎಂದೇ ನೆನಪು. ನಾವು ಒಬ್ಬ ದೊಡ್ಡ ಮನುಷ್ಯನಿಗೆ ಪಾಠ ಹೇಳುತ್ತಿದ್ದೇವೆ ಎಂಬ ಹೆಮ್ಮೆ ಮಾತ್ರ ಇತ್ತು. ನಮ್ಮ ಮನೆತನದಲ್ಲಿ ಅದುವರೆಗೆ ಯಾರೂ ಯಾರಿಗೂ ಓದಿ ಹೇಳಿದವರಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಮಾಮಾ ಅಂಕಣದಲ್ಲಿ ಕಬಡ್ಡಿ ಎನ್ನುತ್ತ ಹೋಗಿ, ಒಬ್ಬಳನ್ನು ಮುಟ್ಟಿ, ಹಿಂದಿರುಗುವಷ್ಟು ಕಲಿತರು. ಯಾರೂ ಬಲವಾಗಿ ಹಿಡಿಯದಿದ್ದರೆ ಅಷ್ಟು ಉಸಿರು ಸಾಲುತ್ತಿತ್ತು. ಅವರು ಎಳ್ಳು ಬೆಲ್ಲ ಕೊಟ್ಟವರ ಮನೆಗಳಿಗೆಲ್ಲ ಹೋಗಿ, ಒಳ್ಳೆಯ ಮಾತಾಡೋಣ ಎನ್ನುವ ಬದಲು ಕಬಡ್ಡಿ ಕಬಡ್ಡಿ ಎಂದು ನಗಿಸಿ ಬಂದರು.

ಪರೀಕ್ಷೆಯ ದಿನ ನಾವು ಟ್ರ್ಯಾಕ್ಸ್ ಗಾಡಿಯಲ್ಲಿ ಚಿಕ್ಕೋಡಿಗೆ ಹೋದೆವು. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ತೊಡೆಯ ಮೇಲಿತ್ತು. ಆಯಿ ಬಂದಿರಲಿಲ್ಲ, ದೇವರ ಮುಂದೆ ದೀಪ ಹಚ್ಚಿಟ್ಟು ಕಳುಹಿಸಿದ್ದಳು. ಮಾಮಾ ಒಗೆದ ಬಿಳಿ ಅಂಗಿ ಹಾಕಿದ್ದರು. ಅವರ ಹುಬ್ಬಿನ ಮೇಲೆ ಹತ್ತಿ ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು. ಗುರುತು ಸಿಗದವರಂತೆ ಕಂಡರು.

ಮೈದಾನದ ಹೊರಗೆ ಚಹಾದ ಅಂಗಡಿ ಇತ್ತು. ಮಾಮಾ ಹೆಸರು ಬರೆಸಲು ಒಳಗೆ ಹೋದಾಗ ಹೆಡ್ ಮಾಸ್ತರರು ನಮ್ಮನ್ನು ಒಂದು ಕಡೆ ನಿಲ್ಲಿಸಿಕೊಂಡರು. ಅವರು ಒಳ್ಳೆಯ ಮನುಷ್ಯರು. ದನಿ ತಗ್ಗಿಸಿ ಹೇಳಿದರು:

“ಇವತ್ತ ಮ್ಯಾಚ್ ಅಲ್ಲ, ತಿಳೀತೋ ಇಲ್ಲೋ? ಬರೇ ತೋರಸೂದು. ಯಾರೂ ಜೋರ್ ಹಿಡೀಬ್ಯಾಡ್ರಿ. ಮುಟ್ಟಿಸ್ಕೋರಿ, ಹಿಡಿದಂಗ ಮಾಡ್ರಿ, ಬಿಡ್ರಿ. ಮಾಮಾಗ ಹೇಳಬ್ಯಾಡ್ರಿ ಮತ್ತ.”

ನಾವು ತಲೆಯಾಡಿಸಿದೆವು. ರುಬೀನಾ ತನ್ನ ಕಾಲಿನ ಕಡೆ ನೋಡುತ್ತಿದ್ದಳು. ಅವಳೂ ತಲೆಯಾಡಿಸಿದಳೋ ಇಲ್ಲವೋ ನಾನು ಗಮನಿಸಲಿಲ್ಲ.

ಬಾಯಿಮಾತಿನ ಪರೀಕ್ಷೆಯಲ್ಲಿ ಮಾಮಾ ಎಲ್ಲದಕ್ಕೂ ಉತ್ತರ ಹೇಳಿದರಂತೆ. ಕೆಲವನ್ನು ಕನ್ನಡದಲ್ಲಿ, ಕೆಲವನ್ನು ಮರಾಠಿಯಲ್ಲಿ. ಹೊರಗೆ ಬಂದಾಗ ಮುಖ ಬೆಳಗಿತ್ತು. ಆಮೇಲೆ ನಮ್ಮ ಸರದಿ ಬಂತು. ಪರೀಕ್ಷಕರು ಕನ್ನಡಕ ಹಾಕಿದ, ಇಸ್ತ್ರಿ ಮಾಡಿದ ಪ್ಯಾಂಟಿನ, ಸೌಮ್ಯ ಮಾತಿನವರು. ಬೇರೆ ಊರುಗಳಿಂದ ಬಂದ ಪರೀಕ್ಷಾರ್ಥಿಗಳು ಗೆರೆಯ ಸುತ್ತ ಕುಳಿತಿದ್ದರು. ಅವರಲ್ಲಿ ಒಂದಿಬ್ಬರು ವಯಸ್ಸಾದವರು ಮಾಮಾ ಅವರನ್ನು ಗುರುತಿಸಿ, “ಅಂಕಲಿ ಪಿಂಜಾರ, ಅಂವನ” ಎಂದು ಪಕ್ಕದವರಿಗೆ ಹೇಳುವುದು ಕೇಳಿಸಿತು.

ನಾವು ಏಳು ಜನ ಸರಪಳಿಯಾಗಿ ನಿಂತೆವು. ರುಬೀನಾಳ ಕೈ ನನ್ನ ಕೈಯಲ್ಲಿತ್ತು. ಒಣಗಿದ್ದ, ತಣ್ಣಗಿನ ಕೈ.

ಮಾಮಾ ನಡುಗೆರೆಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಬಂದರು. ‘ಕಬಡ್ಡಿ, ಕಬಡ್ಡಿ, ಕಬಡ್ಡಿ’ ಎಂದು ಬಿಲ್ಲಿನ ಲಯದಲ್ಲಿಯೇ, ಒಂದೂ ತಪ್ಪದೆ. ಬಲಗಡೆಗೆ ಹೋದರು, ಒಬ್ಬಳನ್ನು ಮುಟ್ಟಿದರು. ಅಲ್ಲಿಂದಲೇ ಹಿಂದಿರುಗಬಹುದಿತ್ತು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ಅವರು ಎಡಗಡೆಗೆ ಹೊರಳಿದರು. ನಾವೆಲ್ಲ ಹಿಡಿಯುವವರಂತೆ ನಟಿಸುತ್ತ ಸಡಿಲವಾಗಿ ನಿಂತಿದ್ದೆವು. ಮಾಮಾ ಅವರ ಕಣ್ಣು ಒಂದು ಕ್ಷಣ ನಮ್ಮ ಮೇಲೆ ಹಾಯ್ದು ಹೋಯಿತು. ಅವರು ತಮ್ಮ ಬಲಗಾಲನ್ನು ನಮ್ಮ ಮೂಲೆಯ ಕಡೆಗೆ ಚಾಚಿದರು. ಅಭ್ಯಾಸದಲ್ಲಿ ನಮ್ಮನ್ನು ಪರೀಕ್ಷಿಸಲು ದಿನವೂ ಚಾಚುತ್ತಿದ್ದಂತೆಯೇ, ಅಷ್ಟೇ ದೂರಕ್ಕೆ.

ಆಗ ರುಬೀನಾ ನನ್ನ ಅಂಗೈಯನ್ನು ಹಿಚುಕಿದಳು.

ಅವಳು ಧುಮುಕಿದಳು. ಎರಡೂ ಕೈಗಳಿಂದ ತಂದೆಯ ಕಾಲಿನ ಹರಡನ್ನು ಹಿಡಿದು, ಕೆನ್ನೆಯನ್ನು ಮಣ್ಣಿಗೆ ಒತ್ತಿ ಬಿದ್ದಳು. ನನ್ನ ದೇಹ ಕಲಿತದ್ದನ್ನೇ ಮಾಡಿತು, ಅವಳ ಬೆನ್ನ ಹಿಂದೆ ಹಾರಿ ನಾನು ಮಾಮಾ ಅವರ ಸೊಂಟವನ್ನು ಹಿಡಿದೆ. ಉಳಿದವರು ನಮ್ಮನ್ನು ನೋಡಿ ಮುಗಿಬಿದ್ದರು. ಮಾಮಾ ಅವರ ಪಕ್ಕೆಲುಬುಗಳು ನನ್ನ ಕಿವಿಯ ಹತ್ತಿರವಿದ್ದವು. ಒಳಗೆ ಏನೋ ಕೀರಲು ಸದ್ದು ಕೇಳಿಸುತ್ತಿತ್ತು. ‘ಕಬಡ್ಡಿ, ಕಬ… ಕಬ…’ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮುಂದೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅವರ ಎದೆ ಸಡಿಲಿತು, ತುಟಿ ತೆರೆಯಿತು, ಎಲ್ಲಿತ್ತೋ ಆ ಉಸಿರು ಹೊರಟಿತು. ‘ಹುತುತುತುತುತು.’

ಸೀಟಿ ಊದಿದ್ದು ನನಗೆ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ. ಏಳು ಹುಡುಗಿಯರನ್ನು ಮೈಮೇಲೆ ಹೊತ್ತುಕೊಂಡು ಅವರು ಎಳೆಯತೊಡಗಿದರು. ಕಾಲು ಹಿಡಿದ ರುಬೀನಾ ಮಣ್ಣಿನಲ್ಲಿ ಗೀರು ಹಾಕುತ್ತ ಬಂದಳು, ಕೈ ಸಡಿಲಿಸಲಿಲ್ಲ. ಹುತುತು ನಿಲ್ಲಲಿಲ್ಲ. ಅದು ಒಂದೇ ಎಳೆಯಾಗಿ ಹರಿಯುತ್ತಿತ್ತು, ನಡುವೆ ಎಲ್ಲಿಯೂ ಗಂಟಿರಲಿಲ್ಲ. ಮಾಮಾ ಕವುಚಿ ಬಿದ್ದು, ಕೈ ಚಾಚಿ, ಬೆರಳ ತುದಿಯಿಂದ ನಡುಗೆರೆಯನ್ನು ಮುಟ್ಟಿದರು.

ಸುತ್ತ ಕುಳಿತವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಯಸ್ಸಾದವರೊಬ್ಬರು ತಲೆಯ ಮೇಲಿನ ಟೋಪಿಯನ್ನು ತೆಗೆದರು. ಪರೀಕ್ಷಕರೂ ಚಪ್ಪಾಳೆ ತಟ್ಟಿದರು ಎಂಬುದನ್ನು ನಾನು ಬರೆಯದಿದ್ದರೆ ತಪ್ಪಾಗುತ್ತದೆ. ಅವರು ಮಾಮಾ ಅವರಿಗೆ ಕೈ ಕೊಟ್ಟು ಎಬ್ಬಿಸಿ, ನೀರು ತರಿಸಿದರು. ಮಾಮಾ ಉಸಿರಾಡುವಂತಾಗುವವರೆಗೆ ಕಾದರು. ಅನಂತರ ಹೇಳಿದರು:

“ಇಂಥ ಆಟವನ್ನು ನಾನು ನೋಡಿಲ್ಲ. ಆದರೆ ಶಬ್ದ ತಪ್ಪಿತು. ನಿಯಮದ ಪ್ರಕಾರ ನೀವು ಅಲ್ಲಿಯೇ ಔಟ್. ನನಗೆ ಬೇರೆ ದಾರಿಯಿಲ್ಲ.”

“ಹೌದ್ರಿ,” ಎಂದರು ಮಾಮಾ. “ತಪ್ಪೇತ್ರಿ.”

ಹೆಡ್ ಮಾಸ್ತರರು ಏನೋ ವಿನಂತಿಸಿಕೊಂಡರು. ಮುಂದಿನ ವರ್ಷ ಮತ್ತೆ ಬರಬಹುದು ಎಂದು ಪರೀಕ್ಷಕರು ಹೇಳಿದರು. ಮಾಮಾ ಅವರ ಎದೆಯನ್ನು ನೋಡಿದ ಯಾರಿಗೂ ಮುಂದಿನ ವರ್ಷದ ಮೇಲೆ ನಂಬಿಕೆ ಇರಲಿಲ್ಲ.

ಹಿಂದಿರುಗುವಾಗ ಗಾಡಿಯಲ್ಲಿ ಯಾರೂ ರೊಟ್ಟಿಯ ಗಂಟು ಬಿಚ್ಚಲಿಲ್ಲ. ರಸ್ತೆಯ ಎರಡೂ ಬದಿ ಕಟಾವಾದ ಕಬ್ಬಿನ ಹೊಲಗಳಲ್ಲಿ ರವದಿಗೆ, ಅಂದರೆ ಒಣ ಸೋಗೆಗೆ, ಬೆಂಕಿ ಇಟ್ಟಿದ್ದರು. ಹೊಗೆ ಒಳಗೆ ಬಂದಾಗ ಮಾಮಾ ಟವೆಲಿನಿಂದ ಮೂಗು ಮುಚ್ಚಿಕೊಂಡರು. ರುಬೀನಾಳ ಕೆನ್ನೆ, ಮೊಣಕೈ ತರಚಿ ರಕ್ತ ಒಣಗಿತ್ತು. ನನ್ನ ಕೈ ಜೋಮು ಹಿಡಿದಿತ್ತು. ಅಂಕಲಿಯ ಮನೆಗಳು ಕಾಣತೊಡಗಿದಾಗ ಮಾಮಾ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದರು. ಮಗಳನ್ನು ನೋಡಿದರು. ಮನೆಯ ಮಾತಿನಲ್ಲಿ ಹೇಳಲಿಲ್ಲ, ಅಂಗಳದ ಮಾತಿನಲ್ಲಿಯೇ ಹೇಳಿದರು.

“ಚಲೋ ಹಿಡದಿ.”

ಅವಳು ತಲೆಯಾಡಿಸಿದಳು.

ಜೂನಿನಲ್ಲಿ ಶಾಲೆ ಆರಂಭವಾದಾಗ ನಮ್ಮ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಬೇರೊಬ್ಬ ಹುಡುಗಿ ಕುಳಿತಳು. ಶಾಲೆಗೆ ಸರ್ಟಿಫಿಕೇಟು ಇರುವ ಮಾಸ್ತರರು ಬಂದರು. ಅವರೂ ಚೆನ್ನಾಗಿಯೇ ಕಲಿಸಿದರು. ಅಂಕಣಕ್ಕೆ ಸುಣ್ಣದ ಗೆರೆ ಬಂತು. ಮಾಮಾ ಮತ್ತೆರಡು ಚಳಿಗಾಲ, ಉಸಿರು ಸಾಲುವ ದಿನಗಳಲ್ಲಿ ಮಾತ್ರ, ಬಿಲ್ಲು ಹೊತ್ತು ತಿರುಗಿದರು, ಡಾಕ್ಟರರ ಮಾತನ್ನು ಮೀರಿ. ಮೂರನೆಯ ಚಳಿಗಾಲದಲ್ಲಿ ಓಣಿಯಲ್ಲಿ ಆ ಸದ್ದು ಇರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದೆ, ಮರುದಿನ ಪರೀಕ್ಷೆಯಿತ್ತು. ನಾನು ಬರೆದೆ, ಪಾಸಾದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು ಎಂದು ಎಲ್ಲರೂ ಹೇಳುತ್ತಾರೆ.

ಈಗ ನಾನು ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳು ‘ಐತಿ’ ಎಂದು ಬರೆದರೆ ಕೆಂಪು ಮಸಿಯಿಂದ ‘ಇದೆ’ ಎಂದು ತಿದ್ದುತ್ತೇನೆ. ಅದು ನನ್ನ ಕೆಲಸ. ತಿದ್ದುವಾಗ ಕೆಲವೊಮ್ಮೆ ಸೀಟಿಯ ಸದ್ದು ಕೇಳಿಸಿದಂತಾಗುತ್ತದೆ, ಆದರೂ ತಿದ್ದುತ್ತೇನೆ. ನಮ್ಮ ಶಾಲೆಯ ಹುಡುಗಿಯರು ಮ್ಯಾಟಿನ ಮೇಲೆ, ಬೂಟು ಹಾಕಿಕೊಂಡು ಆಡುತ್ತಾರೆ. ಅವರ ಮೊಣಕಾಲು ತರಚುವುದಿಲ್ಲ. ಹುತುತು ಎಂದರೆ ಏನೆಂದು ಅವರಿಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ.

ಹೋದ ವರ್ಷ ಆಯಿಯ ಹಳೆಯ ಗಾದಿಯನ್ನು ಹಿಂಜಿಸಲು ನಿಪ್ಪಾಣಿಗೆ ಒಯ್ದೆ. ಆಯಿ ಹೋಗಿ ಬಹಳ ವರ್ಷಗಳಾದವು, ಗಾದಿ ಉಳಿದಿತ್ತು. ರುಬೀನಾಳದು ಅಲ್ಲಿ ಒಂದು ಸಣ್ಣ ಅಂಗಡಿ. ಗಂಡ ಫೋಮಿನ ಗಾದಿ ಮಾರುತ್ತಾನೆ, ಅವಳು ಹಿಂದಿನ ಕೋಣೆಯಲ್ಲಿ ಹಿಂಜುವ ಯಂತ್ರ ನಡೆಸುತ್ತಾಳೆ. ಓಢಣಿಯನ್ನು ಬಾಯಿ ಮೂಗಿನ ಮೇಲೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಹುಬ್ಬಿನ ಮೇಲೆ ಹತ್ತಿ. ನನ್ನನ್ನು ಕಂಡು ಯಂತ್ರ ನಿಲ್ಲಿಸಿದಳು, ಚಹಾ ತರಿಸಿದಳು, ಗಾದಿಯ ಹೊಲಿಗೆಯನ್ನು ಬೆರಳಿನಿಂದ ತಡವಿ, “ಅಮ್ಮೀ ಹಾಕಿದ್ದು” ಎಂದಳು. ನನ್ನನ್ನು ‘ನೀವು’ ಎಂದು ಮಾತಾಡಿಸತೊಡಗಿದಳು. ನಾನು ಬೇಡವೆನ್ನಲಿಲ್ಲ.

ಚಹಾ ಮುಗಿದ ಮೇಲೆ, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ. ಅಂದು ಬಿಟ್ಟುಬಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದೆ. ಯಾವ ದಿನ ಎಂದು ಅವಳು ಕೇಳಲಿಲ್ಲ.

“ಬಿಟ್ಟಿದ್ರ ಅಬ್ಬಾಗ ತಿಳೀತಿತ್ರಿ,” ಎಂದಳು.

ಚಹಾದ ಕಪ್ಪುಗಳನ್ನು ಎತ್ತಿಡುತ್ತ ಮತ್ತೆ ಹೇಳಿದಳು: “ಅವ್ರ ಕಾಲ ಚಾಚಿದ್ದ ನಾ ಹಿಡೀತೀನೋ ಇಲ್ಲೋ ನೋಡಾಕ.”

ಗಾದಿಯನ್ನು ಮುಂದಿನ ವಾರ ಒಯ್ಯಿರಿ ಎಂದಳು. ಹೊರಡುವಾಗ ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದಳು. ಒಣಗಿದ್ದ, ತಣ್ಣಗಿನ ಕೈಗಳು. ಹಿಡಿದು, ಬಿಟ್ಟು, ಓಢಣಿಯನ್ನು ಬಾಯಿಯ ಮೇಲೆ ಎಳೆದುಕೊಂಡು ಯಂತ್ರದ ಹತ್ತಿರ ಹೋದಳು. ಬಸ್ಸಿನಲ್ಲಿ ಕುಳಿತ ಮೇಲೆ ನಾನು ನನ್ನ ಅಂಗೈಯನ್ನು ತೆರೆದು ನೋಡಿಕೊಂಡೆ. ಅವಳು ಹಿಚುಕಿದಳೋ, ಸುಮ್ಮನೆ ಹಿಡಿದಳೋ, ನನಗೆ ಹೇಳಲು ಬರಲಿಲ್ಲ. ಒಂದು ಕಾಲದಲ್ಲಿ ಆ ಒಂದೇ ವ್ಯತ್ಯಾಸವನ್ನು ನಾನು ತಪ್ಪದೆ ಬಲ್ಲವಳಾಗಿದ್ದೆ.